ಅವಳ ಲೋಟ

"ಇವತ್ತು ಎರಡೇ ಎರಡು ಗುಟುಕು ನೀರು. ಲೋಟ ಇದ್ರೆ ಕೊಡಮ್ಮ," ಎಂದರು ನರ್ಸ್ ಕಾವ್ಯಾ.

ರಕ್ಷಿತಾ ಚೀಲ ತಡಕಾಡಿದಳು. ಲೋಟ ತರಬೇಕೆಂದು ಹೊಳೆದೇ ಇರಲಿಲ್ಲ. ಅಮ್ಮ ವಸಂತಮ್ಮನ ಬಾಯಿಗೆ ನೀರು ಸೋಕಿ ಏಳು ತಿಂಗಳಾಗಿತ್ತು. ಗಂಜಿ, ನೀರು, ಮಾತ್ರೆಯ ಪುಡಿ ಎಲ್ಲವೂ ಹೊಟ್ಟೆಗೆ ತೂರಿಸಿದ ನಳಿಕೆಯಲ್ಲೇ. ಸುಟ್ಟು ಮುಚ್ಚಿಹೋದ ಅನ್ನನಾಳದ ಬದಲು ದೊಡ್ಡ ಕರುಳಿನ ಒಂದು ತುಂಡನ್ನು ಎದೆಯೊಳಗಿಂದ ಗಂಟಲವರೆಗೆ ತಂದು ಹೊಲಿದಿದ್ದರು. ಅದಾಗಿ ಹನ್ನೊಂದನೆಯ ದಿನ. ಇವತ್ತು ನೀರು ಇಳಿದರೆ ನಾಳೆ ಗಂಜಿ. ಇಳಿಯದಿದ್ದರೆ ಮತ್ತೆ ನಳಿಕೆಯೇ.

ಬಾಗಿಲಲ್ಲಿ ಸುಬ್ಬಲಕ್ಷ್ಮಮ್ಮ ನಿಂತಿದ್ದರು. ಹೂಡಿ ಬಡಾವಣೆಯ ಅವರ ಮನೆಯಲ್ಲಿ ಅಮ್ಮ ಹದಿನಾಲ್ಕು ವರ್ಷ ಪಾತ್ರೆ ತೊಳೆದಿದ್ದಳು. ಆಸ್ಪತ್ರೆಗೆ ಅವರು ಬಂದದ್ದು ಇದೇ ಮೊದಲು.

"ಏನೇ ವಸಂತ, ಇಷ್ಟೊಂದು ಇಳಿದುಹೋಗಿದ್ದೀಯ. ಒಂದ್ಸಲ ನೋಡಿ ಕುಡೀಬಾರದಿತ್ತಾ?"

"ಏನು ನೋಡ್ಬೇಕಿತ್ತು ಅಮ್ಮಾವ್ರೇ?" ಎಂದಳು ರಕ್ಷಿತಾ. "ದಿನಾ ಹನ್ನೊಂದು ಗಂಟೆಗೆ ಅಮ್ಮನ ಲೋಟದಲ್ಲಿ ನೀರು ಹಾಕಿ ಯುಟಿಲಿಟಿ ಸಿಂಕ್ ಪಕ್ಕ ಇಡ್ತಿದ್ರಿ. ಅವತ್ತೂ ಅದೇ ಲೋಟ ಇಟ್ಟಿದ್ರಿ. ಪೈಪ್ ಬಿಡಿಸೋ ಪುಡಿ ಕಲಸಿ."

"ಸಿಂಕ್ ಕಟ್ಕೊಂಡಿತ್ತಲ್ಲೇ. ಕಲಸಿಟ್ಟೆ, ಅಷ್ಟರಲ್ಲಿ ಫೋನ್ ಬಂತು, ಒಳಗೆ ಹೋದೆ."

"ಮನೇಲಿ ಬೇರೆ ಲೋಟ ಇರ್ಲಿಲ್ವಾ?"

"ಚೆನ್ನಾಗಿ ಹೇಳ್ತೀಯ. ನಾವು ಕುಡಿಯೋ ಲೋಟದಲ್ಲಿ ಅಂಥದ್ದೆಲ್ಲ ಕಲಸಕ್ಕಾಗುತ್ತಾ?"

ಸಾರಿಗೆ ಹುಳಿ ಎಷ್ಟು ಎಂದು ತಿಳಿಸುವಷ್ಟೇ ಸಲೀಸಾಗಿ ಹೇಳಿದ್ದರು. ರಕ್ಷಿತಾ ಚೀಲವನ್ನು ಪಕ್ಕಕ್ಕೆ ಸರಿಸಿದಳು. ಅವಳು ಏಳುವ ಮೊದಲೇ ಅಮ್ಮ ಮಣಿಕಟ್ಟು ಹಿಡಿದು, ಬೇಡ ಎಂದು ತಲೆಯಾಡಿಸಿದಳು.

"ಲೋಟ ಸಿಕ್ತಾ?" ಕಾವ್ಯಾ ಮತ್ತೆ ಕೇಳಿದರು.

"ನಾನೇ ತಂದಿದ್ದೀನಿ." ಸುಬ್ಬಲಕ್ಷ್ಮಮ್ಮ ಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಬಿಚ್ಚಿದರು. ಸ್ಟೀಲ್ ಲೋಟ. ಮನೆಯ ಲೋಟಗಳ ಜೊತೆ ಬೆರೆಯದಿರಲೆಂದು ತಳಕ್ಕೆ ಇಟ್ಟ ಕೆಂಪು ನೈಲ್ ಪಾಲಿಶಿನ ಬೊಟ್ಟು ಹಾಗೇ ಇತ್ತು. "ಅವಳದೇ. ಗಟ್ಟಿ ಸ್ಟೀಲು, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಕುದಿಯೋ ನೀರಲ್ಲಿ ಮೂರು ಸಲ ತೊಳೆದಿದ್ದೀನಿ. ನಮ್ಮನೇಲಿ ಯಾರೂ ಮುಟ್ಟಿಲ್ಲ."

ರಕ್ಷಿತಾ ಅದನ್ನು ತೆಗೆದುಕೊಂಡಳು. ಕಾಯಿಸಿ ಆರಿಸಿಟ್ಟ ನೀರನ್ನು ಅರ್ಧ ಲೋಟ ಬಗ್ಗಿಸಿ, ಸುಬ್ಬಲಕ್ಷ್ಮಮ್ಮನ ಮುಖದ ಮುಂದೆ ಹಿಡಿದಳು.

"ಮೊದಲು ನೀವು ಕುಡೀರಿ."

"ನಾನಾ?"

"ಮೂರು ಸಲ ತೊಳೆದಿದ್ದೀರಲ್ಲ."

ಸುಬ್ಬಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದರು. "ನನಗೆ ಬಾಯಾರಿಕೆ ಇಲ್ಲಮ್ಮ."

ಲೋಟ ಹಿಡಿದ ರಕ್ಷಿತಾಳ ಕೈ ಕೆಳಗಿಳಿಯಲಿಲ್ಲ. ಕಾವ್ಯಾ ಟ್ರೇಯಿಂದ ಔಷಧ ಅಳೆಯುವ ಪುಟ್ಟ ಪ್ಲಾಸ್ಟಿಕ್ ಬಟ್ಟಲು ತಂದು, ನೀರು ಹಾಕಿ ಅಮ್ಮನ ತುಟಿಗಿಟ್ಟರು.

ಕತ್ತಿನ ಹೊಲಿಗೆ ಒಮ್ಮೆ ಅಲುಗಿತು. ಅಮ್ಮ ಕಣ್ಣು ಮುಚ್ಚಿ ಕಾದಳು. ಕೆಮ್ಮು ಬರಲಿಲ್ಲ. ಎರಡನೆಯ ಗುಟುಕೂ ಇಳಿಯಿತು.

ಅಮ್ಮ ಕಣ್ಣು ತೆರೆದು ಸುಬ್ಬಲಕ್ಷ್ಮಮ್ಮನನ್ನೇ ನೋಡಿದಳು. ಒಡೆದ ದನಿಯಲ್ಲಿ ಒಂದೊಂದೇ ಮಾತು ಹೊರಬಂತು.

"ಅಮ್ಮಾವ್ರೇ, ಈಗ ನನ್ನ ಬದಲಿಗೆ ಕೆಲಸಕ್ಕೆ ಬರ್ತಾಳಲ್ಲ, ಅವಳ ಲೋಟ ಎಲ್ಲಿಟ್ಟಿದ್ದೀರ?"