ಸಾಹುಕಾರರ ಹೆಸರು

“ಯಾವ ಸಾಹುಕಾರ್ರು?” ನ್ಯಾಯಾಧೀಶೆ ಎರಡನೇ ಸಲ ಕೇಳಿದರು.

ಮೂಡಿಗೆರೆ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಸಿದ್ದಮ್ಮ ಮರದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ, “ನಮ್ಮ ಸಾಹುಕಾರ್ರು ಅಮ್ಮಾ, ತೋಟದೋರು” ಎಂದಳು.

ಅಲ್ಲಿಯವರೆಗೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಬಾಳೂರಿನ ಹತ್ತಿರದ ಆ ಕಾಫಿ ತೋಟಕ್ಕೆ ಹಂದಿ ನುಗ್ಗದಿರಲೆಂದು ಬೇಲಿಗೆ ಕಂಬದಿಂದಲೇ ಕರೆಂಟು ಕೊಟ್ಟಿದ್ದರು. ಒಂದು ಬೆಳಿಗ್ಗೆ ಸ್ಪ್ರಿಂಕ್ಲರ್ ಪೈಪು ಬದಲಿಸಲು ಹೋದ ಅವಳ ಗಂಡ ಆ ತಂತಿ ತಾಗಿ ಸತ್ತಿದ್ದ. ಹಿಂದಿನ ಸಂಜೆ ಪಂಪ್‌ಹೌಸಿನ ಪಕ್ಕ ತಾನು ಕೈಕಾಲು ತೊಳೆಯುತ್ತಿದ್ದಾಗ, ಜನ ಓಡಾಡುವ ಜಾಗ, ಕರೆಂಟು ಬೇಡ ಸಾರ್ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಉಮೇಶ್ ಬೇಡಿಕೊಂಡಿದ್ದನ್ನೂ, ಕೊಡು ಅಂದ್ರೆ ಕೊಡು ಎಂದು ಸಾಹುಕಾರರು ಗದರಿದ್ದನ್ನೂ ಅವಳು ಕಿವಿಯಾರೆ ಕೇಳಿದ್ದಳು. ಉಮೇಶನೂ ಪೊಲೀಸರ ಮುಂದೆ ಅದನ್ನೇ ಹೇಳಿದ್ದ. ಆದರೂ ಎರಡು ವರ್ಷದಿಂದ ಆರೋಪಿಯಾಗಿ ಕೋರ್ಟಿಗೆ ಅಲೆಯುತ್ತಿದ್ದವನು ಅವನೊಬ್ಬನೇ. ಇವತ್ತು ಸಾಕ್ಷಿಯ ಬಾಯಿಂದ ಹೆಸರು ಬಂದರೆ ಅಪ್ಪಣೆ ಕೊಟ್ಟವರನ್ನೂ ಆರೋಪಿಯ ಜಾಗಕ್ಕೆ ಕರೆಯಬಹುದು ಎಂದು ಸರ್ಕಾರಿ ವಕೀಲರು ಅವಳಿಗೆ ತಿಳಿಸಿದ್ದರು.

ತೋಟದ ಮೇಸ್ತ್ರಿಗೂ ಅದು ಗೊತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ ಅವಳ ಪಕ್ಕ ಬಂದು ಕೂತು, ತೋಟದವರು ಕೂಲಿಯವರಿಗೆ ಕೊಟ್ಟ ಲೈನ್ ಮನೆಯ ಹೆಂಚು ಸೋರುತ್ತಿರುವುದನ್ನು ವಿಚಾರಿಸಿ, ಆಮೇಲೆ ಮೆತ್ತಗೆ ಹೇಳಿದ್ದ: “ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ ಮಾರಾಯ್ತಿ. ಸಾಹುಕಾರ್ರು ಅಂತ್ಲೇ ಹೇಳು. ಹೆಸರೊಂದು ಎತ್ಬೇಡ.”

“ಆ ಮನೆಯಲ್ಲಿ ಮೂರು ಜನ ಅಣ್ಣತಮ್ಮಂದಿರು. ಮೂವರೂ ಸಾಹುಕಾರ್ರೇ. ಹೆಸರಿಲ್ಲದೆ ನಾನು ಏನಂತ ಬರೆಸಲಿ?” ಎಂದರು ನ್ಯಾಯಾಧೀಶೆ.

“ಅವರ ಹೆಸರು ನಾವು ಹೇಳಲ್ಲ ಅಮ್ಮಾ.”

ಹಿಂದೆ ಯಾರೋ ನಕ್ಕರು. ವಕೀಲರು ಸರಿದು ಜಾಗ ಮಾಡಿಕೊಟ್ಟ ಬೆಂಚಿನಲ್ಲಿ ಕೂತಿದ್ದ ಸಾಹುಕಾರರ ಮುಖದಲ್ಲೂ ನಗು ಸುಳಿಯಿತು. ಕಟಕಟೆಯಲ್ಲಿದ್ದ ಉಮೇಶ್ ತಲೆ ತಗ್ಗಿಸಿದ.

“ಭಯಾನಾ?”

“ಭಯ ಇದ್ದೇ ಇದೆ. ಅದಕ್ಕಿಂತ ಅಭ್ಯಾಸ ಇಲ್ಲ.” ಸಿದ್ದಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಗಂಡನ ಹೆಸರೂ ಯಾವತ್ತೂ ಹೇಳಿದೋಳಲ್ಲ ನಾನು. ಹೆಣ ಕೊಡ್ಬೇಕಾದ್ರೆ ಹೆಸರು ಹೇಳ್ಲೇಬೇಕು ಅಂದ್ರು ಆಸ್ಪತ್ರೇಲಿ. ಗುರುವಯ್ಯ ಅಂದೆ. ಅದನ್ನ ಹೇಳಿದ ಬಾಯಿಗೆ ಇದೇನು ಭಾರ?”

ಉಸಿರು ಎಳೆದುಕೊಂಡು, “ಷಡಕ್ಷರಿ” ಎಂದಳು.

ಟೈಪ್ ಮಾಡುತ್ತಿದ್ದವನು ಕೇಳಿಸಲಿಲ್ಲವೆಂಬಂತೆ ತಲೆಯೆತ್ತಿದ. ಅವಳು ಇನ್ನೊಮ್ಮೆ, ಕೂಲಿಯವರನ್ನು ಗುಡ್ಡದ ಆಚೆಯಿಂದ ಕರೆಯುವಷ್ಟು ಗಟ್ಟಿಯಾಗಿ ಹೇಳಿದಳು.

ವಕೀಲರ ನಡುವಿನಿಂದ ಸಾಹುಕಾರರು, ಯಾರೂ ಏಳೆಂದು ಹೇಳದಿದ್ದರೂ, ಶಾಲೆಯಲ್ಲಿ ಹಾಜರಿ ಕೂಗಿದಾಗ ಏಳುವಂತೆ ಎದ್ದು ನಿಂತರು.