ನಾಲಿಗೆಯಡಿಯ ಮಾತ್ರೆ

"ಮಾತ್ರೆ ನುಂಗಿದೆ ಅಂತ ರೋಗಿ ಹೇಳಿದರೆ ನಂಬ್ತೀಯಾ?" ಕಾರವಾರದ ನರ್ಸಿಂಗ್ ಶಾಲೆಯ ಸಂದರ್ಶನದಲ್ಲಿ ಹಿರಿಯ ಮೇಡಂ ಕೇಳಿದರು.

ಮೇಜಿನಡಿ ಯೋಗಿತಾಳ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. "ಇಲ್ಲ ಮೇಡಂ. ನಾಲಿಗೆ ಎತ್ತೂಕೆ ಹೇಳ್ತೆ, ಕೆನ್ನೆ ಸಂದೀಲೂ ನೋಡ್ತೆ. ಆಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತು ಮಾತಾಡ್ತೆ. ಇಲ್ದಿದ್ರೆ ಬಚ್ಚಲಿಗೆ ಹೋಗಿ ಉಗಿದು ಬರ್ತಾರೆ."

ಮೇಡಂ ಪೆನ್ನು ಕೆಳಗಿಟ್ಟರು. "ಪುಸ್ತಕದಲ್ಲಿ ಇಷ್ಟೆಲ್ಲ ಇಲ್ಲ. ಯಾರು ಕಲಿಸಿದ್ದು?"

ಅವರೆದುರು ಅವಳ ಅರ್ಜಿ ತೆರೆದಿತ್ತು. 'ಮಾನಸಿಕ ಕಾಯಿಲೆ ಇತ್ತೇ?' ಎಂಬಲ್ಲಿ ಸೊಟ್ಟ ಅಕ್ಷರದ 'ಇಲ್ಲ'. ಅಂಕೋಲೆಯಿಂದ ಬರುವ ಬಸ್ಸಿನಲ್ಲಿ ಅವಳ ಅಮ್ಮ, ಆಯಿ, ಪಕ್ಕದಲ್ಲಿ ಕೂತು ಬರೆಸಿದ್ದು.

ಕುಣಿಯುತ್ತಿದ್ದ ಕಾಲು ನಿಂತಿತು. "ನಮ್ಮ ಆಯಿ, ಮೇಡಂ. ಎರಡು ವರ್ಷ ದಿನಾ ನನ್ನ ನಾಲಿಗೆ ಎತ್ತಿಸಿ ನೋಡಿದ್ದು ಅವಳೇ. ಆ ಅರ್ಜಿ ಒಂಚೂರು ಕೊಡಿ. ಒಂದು ತಿದ್ದೂದು ಅದೆ."