ನೀಲಾಳ ಸಂಬಳ

"ಕ್ಯಾಪ್ ಎಲ್ಲಾ ನಿನ್ನ ಹೆಂಡತಿ ಮಾಡ್ತಾರ ಅಂತ ನಾ ಬರದು ಕೊಡಬೇಕೇನು?" ಡಾಕ್ಟರ್ ಪದ್ಮನಾಭ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊನ್ನಿತನಕ ಎಲ್ಲಾ ನನ್ನ ಕೈಕೆಲಸ ಅಂತಿದ್ದೆಲ್ಲ, ಶಿವಾನಂದ?"

ಶಿವಾನಂದ ಹಲ್ಲು ಕಟ್ಟುವ ಕಸುಬಿನವನು. ನಾರಾಯಣಗೂಡದ ಈ ಕ್ಲಿನಿಕ್ಕಿಗೆ ಹನ್ನೊಂದು ವರ್ಷದಿಂದ ಹಲ್ಲಿನ ಕ್ಯಾಪು ಮಾಡಿಕೊಡುತ್ತಿದ್ದ. ಮನೆಯ ಹಿಂದಿನ ಕೋಣೆಯೇ ಅವನ ಲ್ಯಾಬು. ಪಕ್ಕದ ಕುರ್ಚಿಯಲ್ಲಿ ಹೆಂಡತಿ ನೀಲಾ ಕೂತಿದ್ದಳು. ಎದುರಿಗಿದ್ದ ಡಾಕ್ಟರರಿಂದಲೇ ಅವನ ಮುಕ್ಕಾಲು ಪಾಲು ಕೆಲಸ ಬರುತ್ತಿತ್ತು.

ತೆರಿಗೆ ಕಡಿಮೆಯಾಗಲೆಂದು ಎರಡು ವರ್ಷದಿಂದ ಲ್ಯಾಬಿನ ಆದಾಯದ ಒಂದು ಪಾಲನ್ನು ನೀಲಾಳ ಸಂಬಳವೆಂದು ತೋರಿಸಿದ್ದ. ಹಣ ಅವಳ ಹೆಸರಿನ ಖಾತೆಗೇ ಹೋಗುತ್ತಿತ್ತು. ಖಾತೆ ನೋಡಿಕೊಳ್ಳುವವನು ಮಾತ್ರ ಅವನು. ಈಗ ಆದಾಯ ತೆರಿಗೆಯವರ ನೋಟೀಸು ಬಂದಿತ್ತು. ಬೇಗಂಪೇಟೆಯಲ್ಲಿ ಅವನ ಲೆಕ್ಕಪತ್ರ ನೋಡುವ ಸತೀಶ ಬಿಡಿಸಿ ಹೇಳಿದ್ದ. ಗಂಡನ ಉದ್ಯೋಗದಲ್ಲಿ ಹೆಂಡತಿಗೆ ಕೊಟ್ಟ ಸಂಬಳ ಗಂಡನ ಆದಾಯಕ್ಕೇ ಸೇರುತ್ತದೆ. ಆಕೆಗೆ ಆ ಕೆಲಸದ ವಿದ್ಯೆ ಇದ್ದು, ಅದರಿಂದಲೇ ದುಡಿದದ್ದೆಂದು ತೋರಿಸಿದರೆ ಆಕೆಯ ಆದಾಯವಾಗಿಯೇ ಉಳಿಯಬಹುದು. ಸರ್ಟಿಫಿಕೇಟು ಇಲ್ಲದವರಿಗೆ ಕಷ್ಟವೇ. ಆದರೂ ಕೆಲಸ ಬಲ್ಲ ಹೊರಗಿನವರೊಬ್ಬರು ಬರೆದುಕೊಟ್ಟರೆ ನೋಡೋಣ. ಉತ್ತರಕ್ಕೆ ನಾಳೆ ಸಂಜೆಯೇ ಕಡೆ. ಸುಳ್ಳೇನೂ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆಸಿಕೊಂಡು ಬನ್ನಿ ಎಂದು ಸತೀಶ ನಕ್ಕಿದ್ದ. ಆ ಇದ್ದದ್ದನ್ನೇ ಶಿವಾನಂದ ಡಾಕ್ಟರರಿಂದ ಮೂರು ವರ್ಷ ಮುಚ್ಚಿಟ್ಟಿದ್ದ.

ಡಾಕ್ಟರು ಎದ್ದು ಹೋಗಿ ಒಂದು ದವಡೆಯ ಅಚ್ಚು, ಮೇಣ, ಕೆತ್ತುವ ಸಣ್ಣ ಚಾಕು, ಸ್ಪಿರಿಟ್ ದೀಪ ತಂದು ನೀಲಾಳ ಮುಂದಿಟ್ಟರು. ಕ್ಯಾಪಿಗೆ ಮೊದಲು ಮಾಡುವ ಮೇಣದ ಹಲ್ಲನ್ನು ಕೆತ್ತಿ ತೋರಿಸಿ ಎಂದರು. ಅವಳು ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

ಹೊರಗೆ ಕಾದಿದ್ದ ರೋಗಿಗಳು ತೆಲುಗಿನಲ್ಲಿ ಗೊಣಗುತ್ತಿದ್ದರು. ನೀಲಾ ಮೇಣ ಕಾಯಿಸಿ, ತೊಟ್ಟು ತೊಟ್ಟಾಗಿ ಏರಿಸಿ, ತಣಿದ ಮೇಲೆ ಕೆತ್ತತೊಡಗಿದಳು. ಒಮ್ಮೆ ಚಾಕು ಜಾರಿತು. ಅವಳು ಕೆತ್ತಿದ್ದನ್ನಷ್ಟೂ ಕೆಡವಿ ಮೊದಲಿನಿಂದ ಶುರು ಮಾಡಿದಳು. ಕೊನೆಗೆ ಒಂದು ದವಡೆಹಲ್ಲು, ಅದರ ಉಬ್ಬು ತಗ್ಗುಗಳೊಂದಿಗೆ, ಅಚ್ಚಿನ ಮೇಲೆ ಕೂತಿತು. ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಈಗ ನೀ ಒಂದು ಮಾಡು," ಎಂದರು ಶಿವಾನಂದನಿಗೆ.

ಅವನು ಚಾಕು ಮುಟ್ಟಲಿಲ್ಲ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಪತ್ರ ಸಿಗುವುದಿಲ್ಲ. "ಕೈ ನಡಗ್ತದ್ರಿ ಸರ್. ಮೂರು ವರ್ಷ ಆತು. ನಾ ಹೇಳಿಕೊಡ್ತಿದ್ದೆ, ಆಕಿ ಮಾಡ್ತಿದ್ಲು. ಈಗ ಹೇಳಿಕೊಡೂದೂ ಬೇಕಾಗಿಲ್ಲ."

ಡಾಕ್ಟರು ಲೆಟರ್‌ಹೆಡ್ ಎಳೆದುಕೊಂಡು ಬರೆದರು. ಸಹಿ ಹಾಕಿ ಶೀಲು ಒತ್ತಿ ಕಾಗದವನ್ನು ನೀಲಾಳ ಕೈಗೆ ಕೊಟ್ಟರು. ಕೆಲಸ ಮುಂದುವರಿಯುತ್ತದಲ್ಲವೇ ಎಂದು ಶಿವಾನಂದ ತಡವರಿಸುತ್ತ ಕೇಳಿದ. ಮುಂದುವರಿಯುತ್ತದೆ, ಆದರೆ ಇನ್ನು ಮೇಲೆ ಅಳತೆಯ ಮಾತೆಲ್ಲ ಇವರ ಹತ್ತಿರವೇ ಎಂದು ಹೇಳಿ ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಮೆಟ್ಟಿಲಿಳಿಯುವಾಗ ಶಿವಾನಂದನಿಗೆ ಎದೆಯ ಭಾರ ಇಳಿದಂತಾಯಿತು. ಇನ್ನು ಸತೀಶನಿಗೆ ಕಾಗದ ತಲುಪಿಸಿದರೆ ಸಾಕು, ನಡಿ ಬೇಗ ಎಂದ. ನೀಲಾ ಕದಲಲಿಲ್ಲ. ಕಂಬಿಗೆ ಒರಗಿ ಕಾಗದವನ್ನು ಒಂದೊಂದೇ ಸಾಲು ಓದುತ್ತಿದ್ದಳು.

"ಮೂರು ವರ್ಷದಿಂದ ಎಲ್ಲಾ ಕೆಲಸ ನಾನ ಮಾಡೀನಿ ಅಂತ ಬರದಾರ," ಎಂದಳು. "ನನ್ನ ಸಂಬಳ ಎಷ್ಟಂತ ತೋರಿಸೀರಿ?"

"ಬಂದದ್ದರಾಗ ಅರ್ಧ."

ಅವಳು ಕಾಗದ ಮಡಚಿದಳು. ಅವನ ಕೈಗೆ ಕೊಡಲಿಲ್ಲ.

"ಅರ್ಧ ಯಾಕ್ರಿ?"